ಸಹಾಯ ಬೇಕು: ಎದುರಾಳಿ ಕಂಡ ತಕ್ಷಣ ಕೈ ತಡಬಡಾಯಿಸುತ್ತೆ

ಎಲ್ಲರಿಗೂ ನಮಸ್ಕಾರ. ವ್ಯಾಲರಂಟ್ ಅನ್ನೋ ಶೂಟಿಂಗ್ ಗೇಮ್ ಶುರು ಮಾಡಿ ಮೂರು ತಿಂಗಳಾಯ್ತು, ಇನ್ನೂ ಎಲ್ಲಕ್ಕಿಂತ ಕೆಳಗಿನ ರ್‍ಯಾಂಕ್ ಐರನ್‌ನಲ್ಲೇ ಬಿದ್ದಿದ್ದೀನಿ. ಪ್ರಾಕ್ಟೀಸ್ ರೇಂಜ್‌ನಲ್ಲಿ ಬಾಟ್‌ಗಳ (ಕಂಪ್ಯೂಟರ್ ನಡೆಸೋ ಗೊಂಬೆಗಳ) ತಲೆಗೆ ಆರಾಮಾಗಿ ಹೊಡೀತೀನಿ. ಮ್ಯಾಚ್‌ಗೆ ಇಳಿದ್ರೆ ಈ ಕೈ ನಂದೇನಾ ಅನ್ಸುತ್ತೆ.

ನಿನ್ನೆದೇ ಹೇಳ್ತೀನಿ. ಮೂಲೆ ತಿರುಗಿದೆ, ಹತ್ತಿರದಲ್ಲೇ ಒಬ್ಬ, ಬೆನ್ನು ನನ್ನ ಕಡೆ. ನನ್ನ ಕೈಯಲ್ಲಿ ವ್ಯಾಂಡಲ್ ರೈಫಲ್, ತಲೆಗೆ ಒಂದು ಗುಂಡು ಬಿದ್ರೆ ಎಷ್ಟು ದೂರದಿಂದಾದ್ರೂ ಕಥೆ ಮುಗೀತು. ನಾನು ಓಡ್ತಾ ಓಡ್ತಾನೇ ಮೌಸ್ ಒತ್ತಿ ಹಿಡಿದೆ. 25 ಗುಂಡೂ ಗೋಡೆಗೆ! ಅವನು ನಿಧಾನಕ್ಕೆ ತಿರುಗಿ ಒಂದೇ ಏಟಿಗೆ ಮಲಗಿಸಿದ.

ಓಡ್ತಾ ಹೊಡೆದ್ರೆ ಗುಂಡು ಚದುರುತ್ತೆ, ನಿಂತು ಹೊಡೀಬೇಕು ಅನ್ನೋದು ಗೊತ್ತು. ಗಾಬರೀಲಿ ಬೆರಳು ಮುಂದಕ್ಕೆ ಓಡಿಸೋ ಡಬ್ಲ್ಯೂ ಕೀ ಬಿಡಲ್ಲ, ಅದೇ ತಲೆನೋವು. ರೆಕಾರ್ಡಿಂಗ್ ನೋಡಿದ್ರೆ ಇನ್ನೊಂದು ಗೊತ್ತಾಯ್ತು: ನನ್ನ ಕ್ರಾಸ್‌ಹೇರ್ (ಗುರಿ ತೋರಿಸೋ ಗುರುತು) ಸದಾ ನೆಲದ ಮೇಲೆ, ಬಿದ್ದ ಚಿಲ್ಲರೆ ಹುಡುಕ್ತಿರೋ ಹಾಗೆ. ತಲೆ ಮಟ್ಟದಲ್ಲಿ ಇಟ್ಕೊಂಡು ನಡೆಯೋದು ಹೇಗೆ ರೂಢಿ ಮಾಡ್ಕೊಂಡ್ರಿ?

ಮೌಸ್ 800 ಡಿಪಿಐ (ಮೌಸ್ ಎಷ್ಟು ಸೂಕ್ಷ್ಮ ಅನ್ನೋ ಅಳತೆ), ಗೇಮ್‌ನಲ್ಲಿ ಸೆನ್ಸಿಟಿವಿಟಿ (ಮೌಸ್ ಸರಿಸಿದ್ರೆ ನೋಟ ಎಷ್ಟು ತಿರುಗುತ್ತೆ ಅನ್ನೋದು) 0.9. ಜಾಸ್ತಿ ಆಯ್ತು ಅಂತ ನಂಗೂ ಅನ್ಸುತ್ತೆ, ಆದ್ರೆ 0.4ಕ್ಕೆ ಇಳಿಸಿದ್ರೆ ಹಿಂದಕ್ಕೆ ತಿರುಗೋಕೆ ನನ್ನ ಪುಟ್ಟ ಮೌಸ್‌ಪ್ಯಾಡ್ ಸಾಲಲ್ಲ.

ದಿನಕ್ಕೆ ಒಂದು ಗಂಟೆ ಸಿಗುತ್ತೆ. ಅದನ್ನ ಡೆತ್‌ಮ್ಯಾಚ್‌ಗೆ (ಎಲ್ಲರೂ ಎಲ್ಲರಿಗೂ ಹೊಡೆಯೋ ಆಟ) ಹಾಕ್ಲಾ, ಏಮ್ ಟ್ರೈನರ್‌ಗಾ (ಗುರಿ ಅಭ್ಯಾಸದ ಸಾಫ್ಟ್‌ವೇರ್)? ಇದೇ ಹಂತ ದಾಟಿ ಬಂದವರು ದಯವಿಟ್ಟು ಹೇಳಿ. ಹೊಸ ಮೌಸ್ ತಗೋ ಅಂತ ಮಾತ್ರ ಹೇಳ್ಬೇಡಿ, ಅದು ಆಗ್ಲೇ ತಗೊಂಡಾಯ್ತು.