ಜಾಮೀನಿನ ಮೇಲೆ ಬಂದ ಮಹಿಳೆಗೆ ಮಾನಸಿಕ ಚಿಕಿತ್ಸೆ: ಮನೆಯವರು ಜೊತೆಗಿಲ್ಲದಿದ್ದರೆ ಏನು ಮಾಡಬೇಕು?

ಪ್ರಶ್ನೆ (ಅಂಕೋಲಾದಿಂದ)

ನಮ್ಮ ಸ್ವಸಹಾಯ ಸಂಘದ ಸದಸ್ಯೆಯೊಬ್ಬರು ಕ್ರಿಮಿನಲ್ ಪ್ರಕರಣವೊಂದರಲ್ಲಿ ಕೆಲವು ತಿಂಗಳು ನ್ಯಾಯಾಂಗ ಬಂಧನದಲ್ಲಿದ್ದು, ಈಗ ಜಾಮೀನಿನ ಮೇಲೆ ಹೊರಬಂದಿದ್ದಾರೆ. ರಾತ್ರಿ ನಿದ್ದೆಯಿಲ್ಲ, ಬಾಗಿಲು ಬಡಿದರೆ ಬೆಚ್ಚಿಬೀಳುತ್ತಾರೆ, ಮೀನು ಮಾರಲು ಪೇಟೆಗೆ ಹೋಗುವುದನ್ನೂ ಬಿಟ್ಟಿದ್ದಾರೆ. ಗಂಡನ ಮನೆಯವರು ಸೇರಿಸಿಕೊಂಡಿಲ್ಲ. ಆಧಾರ್, ರೇಷನ್ ಕಾರ್ಡ್ ಅಲ್ಲಿಯೇ ಉಳಿದಿವೆ. ಆಸ್ಪತ್ರೆಯೊಂದಕ್ಕೆ ಕರೆದುಕೊಂಡು ಹೋದಾಗ ಚೀಟಿ ಮಾಡುವಲ್ಲಿಯೇ ‘ಮನೆಯವರು ಬರಲಿ’ ಎಂದು ಹಿಂದಕ್ಕೆ ಕಳುಹಿಸಿದರು. ವೈದ್ಯರ ಮುಂದೆ ಹೇಳಿದ್ದು ಪೊಲೀಸರಿಗೆ ತಲುಪುತ್ತದೆ ಎಂಬ ಭಯ ಅವರಿಗೆ ಬೇರೆ ಇದೆ. ದಾರಿ ತಿಳಿದವರು ದಯವಿಟ್ಟು ತಿಳಿಸಿ.

ಉತ್ತರ 1 (ಶಿರಸಿಯಿಂದ, ವಕೀಲೆ)

ಮನೆಯವರು ಬರಲೇಬೇಕೆಂಬ ನಿಯಮ ಕಾನೂನಿನಲ್ಲಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 14ನೇ ಕಲಮಿನ ಪ್ರಕಾರ ವಯಸ್ಕ ವ್ಯಕ್ತಿ ತನಗೆ ನಂಬಿಕೆಯಿರುವ ಯಾರನ್ನಾದರೂ ತನ್ನ ಪ್ರತಿನಿಧಿಯನ್ನಾಗಿ ನೇಮಿಸಿಕೊಳ್ಳಬಹುದು. ಬಿಳಿ ಹಾಳೆಯಲ್ಲಿ ಬರೆದು ಸಹಿ ಅಥವಾ ಹೆಬ್ಬೆಟ್ಟು ಹಾಕಿದರೆ ಸಾಕು, ನೇಮಕಗೊಂಡವರು ಲಿಖಿತ ಒಪ್ಪಿಗೆ ಕೊಡಬೇಕು. ಅವರು ರಕ್ತಸಂಬಂಧಿಯೇ ಆಗಬೇಕಿಲ್ಲ, ಆದ್ದರಿಂದ ನೀವೇ ಆಗಬಹುದು. ಬಡತನ ರೇಖೆಗಿಂತ ಕೆಳಗಿರುವವರಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ ಚಿಕಿತ್ಸೆ ಸಿಗಬೇಕು. ಬಿಪಿಎಲ್ ಕಾರ್ಡ್ ಕೈಯಲ್ಲಿ ಇರಲಿ, ಇಲ್ಲದಿರಲಿ ಎಂದು 18ನೇ ಕಲಮಿನಲ್ಲಿ ಸ್ಪಷ್ಟವಾಗಿ ಬರೆದಿದೆ.

ಗೋಪ್ಯತೆಯ ಹಕ್ಕು 23ನೇ ಕಲಮಿನಲ್ಲಿದೆ. ಆದರೆ ಅದಕ್ಕೆ ಅಪವಾದಗಳೂ ಇವೆ: ಇನ್ನೊಬ್ಬರಿಗೆ ಅಪಾಯವಾಗುವ ಸಂದರ್ಭ, ಸಕ್ಷಮ ಪ್ರಾಧಿಕಾರದ ಆದೇಶ ಮುಂತಾದವು. ಹಾಗಾಗಿ ನಿದ್ದೆ, ಭಯ, ಹಸಿವು, ಸಾಯುವ ಯೋಚನೆ ಇವುಗಳನ್ನು ವೈದ್ಯರಲ್ಲಿ ಮುಚ್ಚುಮರೆಯಿಲ್ಲದೆ ಹೇಳಲಿ, ಪ್ರಕರಣದ ಘಟನೆಯ ವಿವರಗಳ ಬಗ್ಗೆ ಮಾತ್ರ ಮೊದಲು ತಮ್ಮ ವಕೀಲರ ಸಲಹೆ ಪಡೆಯಲಿ. ವಕೀಲರಿಲ್ಲದಿದ್ದರೆ ಕಾರವಾರದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಡಿ ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ನೆರವು ಸಿಗುತ್ತದೆ.

ಉತ್ತರ 2 (ಕುಮಟಾದಿಂದ, ಆಪ್ತಸಮಾಲೋಚಕಿ)

ಕಾನೂನಿನಲ್ಲಿರುವುದು ಕೌಂಟರಿನವರೆಗೆ ಇಳಿದು ಬಂದಿಲ್ಲ ಎಂಬುದನ್ನು ನಾನು ದಿನವೂ ನೋಡುತ್ತೇನೆ, ಅದು ನನಗೆ ನೋವಿನ ಸಂಗತಿ. ಹೊರರೋಗಿಯಾಗಿ ತೋರಿಸಿಕೊಳ್ಳಲು ಪ್ರಕರಣದ ವಿಷಯ ಹೇಳಬೇಕಾಗಿಯೇ ಇಲ್ಲ. ಮನೋಚೈತನ್ಯ ಕಾರ್ಯಕ್ರಮದಡಿ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ನಿಗದಿತ ದಿನ ಬರುತ್ತಾರೆ. ಆ ದಿನವನ್ನು ಮೊದಲೇ ವಿಚಾರಿಸಿಕೊಳ್ಳಿ, ಏಕೆಂದರೆ ಅದು ಜಾಮೀನಿನ ಷರತ್ತಿನಂತೆ ಠಾಣೆಗೆ ಹೋಗಿ ಸಹಿ ಹಾಕುವ ದಿನಕ್ಕೋ ಕೋರ್ಟಿನ ತಾರೀಖಿಗೋ ತಾಗಿದರೆ ಹೆಂಗಸರು ಚಿಕಿತ್ಸೆಯನ್ನೇ ಬಿಡುತ್ತಾರೆ. ತಾಗುವುದಾದರೆ ವಕೀಲರ ಮೂಲಕ ಆ ದಿನದ ಹಾಜರಾತಿಗೆ ವಿನಾಯಿತಿ ಕೇಳಬಹುದು. ಆಧಾರ್ ಇಲ್ಲದೆ ಶಕ್ತಿ ಯೋಜನೆಯ ಉಚಿತ ಬಸ್ಸೂ ಕಷ್ಟ, ಆದ್ದರಿಂದ ಆ ಗುರುತಿನ ಚೀಟಿಯ ಪ್ರತಿಯನ್ನು ಮೊದಲು ತೆಗೆಸಿಕೊಡಿ. ಅಲ್ಲಿಯವರೆಗೆ 14416ಕ್ಕೆ ಕರೆ ಮಾಡಲಿ. ಟೆಲಿ ಮನಸ್ ಸಹಾಯವಾಣಿ ಉಚಿತ, ಹಗಲು ರಾತ್ರಿ ಕನ್ನಡದಲ್ಲಿ ಮಾತನಾಡಬಹುದು. ಸಾಯುವ ಮಾತು ಬಂದರೆ ಮಾತ್ರ ನಿಗದಿತ ದಿನಕ್ಕೆ ಕಾಯದೆ ನೇರವಾಗಿ ತುರ್ತು ವಿಭಾಗಕ್ಕೆ ಕರೆತನ್ನಿ.

ಉತ್ತರ 3 (ಸಿದ್ದಾಪುರ ತಾಲ್ಲೂಕಿನಿಂದ)

ನಾನೂ ಪ್ರಕರಣ ಎದುರಿಸಿದವಳು, ಈಗ ಖುಲಾಸೆಯಾಗಿದೆ. ನಮ್ಮೂರಿನ ಆಸ್ಪತ್ರೆಯ ಸಾಲಿನಲ್ಲಿ ಗುರುತಿನವರೇ ಇರುತ್ತಿದ್ದರು, ಅದಕ್ಕಾಗಿ ಪಕ್ಕದ ತಾಲ್ಲೂಕಿಗೆ ಹೋಗುತ್ತಿದ್ದೆ. ಅಲ್ಲಿ ನನ್ನನ್ನು ಯಾರೂ ಏನೂ ಕೇಳಲಿಲ್ಲ. ಅವರಿಗೂ ಹಾಗೆ ಅನ್ನಿಸಿದರೆ ಒತ್ತಾಯಿಸದೆ ಕುಮಟಾಕ್ಕೋ ಕಾರವಾರಕ್ಕೋ ಕರೆದುಕೊಂಡು ಹೋಗಿ. ಮೊದಲ ಭೇಟಿಗೆ ಜೊತೆ ಸಿಗುತ್ತಾರೆ, ಎರಡನೆಯದಕ್ಕೆ ಸಿಗುವುದಿಲ್ಲ. ಖಿನ್ನತೆಯ ಮಾತ್ರೆಯ ಗುಣ ತಿಳಿಯಲು ಕೆಲವು ವಾರಗಳೇ ಬೇಕು, ಅಷ್ಟರೊಳಗೆ ಹೊಟ್ಟೆ ತೊಳಸುತ್ತದೆ, ಮಂಪರು ಬರುತ್ತದೆ, ‘ಇದರಿಂದ ಏನೂ ಆಗಲಿಲ್ಲ’ ಎಂದು ನಾವೇ ನಿಲ್ಲಿಸಿಬಿಡುತ್ತೇವೆ. ಆ ವಾರಗಳಲ್ಲಿ ಸಂಘದವರು ಸರದಿಯಂತೆ ಅವರ ಜೊತೆಗಿರುವ ಏರ್ಪಾಡು ಮಾಡಿಕೊಳ್ಳಿ ಎಂದು ಕೈಮುಗಿದು ಕೇಳುತ್ತೇನೆ.