ತವರಿನ ಅಡ್ಡಹೆಸರನ್ನೇ ಮಗನಿಗೆ ಇಡಬಹುದಾ?

ಧಾರವಾಡದ ತಾಯಿ: ನನ್ನ ತವರಿನ ಅಡ್ಡಹೆಸರು ದೇಸಾಯಿ, ಗಂಡನ ಮನೆಯದು ಪಾಟೀಲ. ಅಪ್ಪನಿಗೆ ಗಂಡುಮಕ್ಕಳಿಲ್ಲ, ಹೆಸರು ಉಳಿಯಲಿ ಅಂತ ಮಗನ ಸ್ವಂತ ಹೆಸರನ್ನೇ ದೇಸಾಯಿ ಅಂತ ಇಡುವ ಆಸೆ. ಅತ್ತೆ ಒಪ್ಪುತ್ತಿಲ್ಲ.

ಹಾವೇರಿ ಹುಡುಗ: ಇಡಿ ಅಕ್ಕಾ. ನಮ್ಮ ಮಾಜಿ ಶಾಸಕರು ನೆಹರು ಓಲೇಕಾರ. ನೆಹರು ಅನ್ನೋದೂ ಮನೆತನದ ಹೆಸರೇ ಅಲ್ವಾ?

ಹುಬ್ಬಳ್ಳಿಯವಳು: ನನಗೇನೋ ಬೇಡ ಅನಿಸುತ್ತದೆ. ‘ದೇಸಾಯಿ ಪಾಟೀಲ’ ಅಂದರೆ ಎರಡೂ ಅಡ್ಡಹೆಸರು, ಶಾಲೆಯಲ್ಲಿ ನಿನ್ನ ಹೆಸರು ಯಾವುದಪ್ಪ ಅಂತ ಕೇಳುತ್ತಲೇ ಇರುತ್ತಾರೆ, ಫಾರ್ಮ್ ತುಂಬುವವರು ಹಿಂದುಮುಂದು ಮಾಡಿಬಿಡುತ್ತಾರೆ. ದೇಸಾಯಿ ಆದರೂ ಪರವಾಗಿಲ್ಲ ಬಿಡಿ, ನಮ್ಮ ತವರಿನದು ಉಳ್ಳಾಗಡ್ಡಿ!

ಗದಗಿನವ: ಅವಸರ ಯಾಕೆ? ಜನನ ನೋಂದಣಿಯಾಗಿ 12 ತಿಂಗಳೊಳಗೆ ಹೆಸರು ಸೇರಿಸಲು ಶುಲ್ಕವಿಲ್ಲ. ಆದರೆ 2023ರ ಅಕ್ಟೋಬರ್‌ನಿಂದ ಹುಟ್ಟಿದ ಮಕ್ಕಳಿಗೆ ಶಾಲೆ, ಪಾಸ್‌ಪೋರ್ಟ್ ಎಲ್ಲಕ್ಕೂ ಜನನ ಪ್ರಮಾಣಪತ್ರವೇ ಆಧಾರ. ಅತ್ತೆಯನ್ನು ಒಪ್ಪಿಸಿಯೇ ಬರೆಸಿ.