‘ಮ್ಯೂರಲ್ ವಾಲ್’ಗೆ ‘ಹಸೆಗೋಡೆ’ ಅನ್ನಬಹುದಾ?

ಎಲ್ರಿಗೂ ನಮಸ್ಕಾರ,

ಎರಡು ದಿನದಿಂದ ಒಂದು ಪದಕ್ಕೆ ಸಿಕ್ಕಾಕೊಂಡಿದೀನಿ. ಬೆಂಗಳೂರಲ್ಲಿ ಕಟ್ತಿರೋ ಒಂದು ಸಮುದಾಯ ಭವನದ ವಿವರಣೆ ಕನ್ನಡಕ್ಕೆ ತರ್ತಿದೀನಿ, ಅದರಲ್ಲಿ ಬಾಗಿಲು ದಾಟಿದ ಕೂಡ್ಲೆ ಎದುರಿಗೆ ಸಿಗೋ ಗೋಡೇಲಿ ಕಿಟಕಿ, ಸ್ವಿಚ್ ಬೋರ್ಡು, ಏನೂ ಇಡದೆ ಪೂರ್ತಿ ಕರಗ ಹಬ್ಬದ ಚಿತ್ರಕ್ಕೇ ಅಂತ ಬಿಟ್ಟಿದಾರೆ, ಪ್ಲಾನಲ್ಲಿ ಅದರ ಹೆಸರು ಮ್ಯೂರಲ್ ವಾಲ್. ಭಿತ್ತಿಚಿತ್ರ ಅಂದ್ರೆ ಅದು ಚಿತ್ರದ ಹೆಸರಾಯ್ತು, ಗೋಡೇದಲ್ಲ. ಫ್ಲೈಓವರ್ ಕಂಬಕ್ಕೆ ಕಟ್ಟಿ ಎಷ್ಟೋ ವರ್ಷ ಆದ್ಮೇಲೆ ಬಳಿದ ಬಣ್ಣಕ್ಕೂ ಭಿತ್ತಿಚಿತ್ರ, ಕಟ್ಟೋವಾಗ್ಲೇ ಜಾಗ ಬಿಟ್ಟಿದ್ದಕ್ಕೂ ಭಿತ್ತಿಚಿತ್ರ ಅಂದ್ರೆ ನನಗೆ ಸಮಾಧಾನ ಆಗ್ತಿಲ್ಲ.

ಹಳೇ ಕಟ್ಟಡಗಳ ಮಾತಲ್ಲಿ ಕಲೆ, ಅದಿರೋ ಜಾಗ ಬೇರೆ ಬೇರೆ ಆಗಿರಲೇ ಇಲ್ಲ ನೋಡಿ. 1117ರ ಬೇಲೂರು ಗುಡೀಲಿ ಮದನಿಕೆ ಅಂದ್ರೆ ಕಂಬದ ತಲೆಗೂ ಮೇಲಿನ ಸೂರಿಗೂ ನಡುವೆ ಓರೆಯಾಗಿ ನಿಂತಿರೋಳು, ಹೆಸರು ಹೇಳಿದ್ರೆ ಗೊಂಬೇನೂ ಕಣ್ಣಿಗೆ ಬರುತ್ತೆ, ಅದು ಇರೋ ಜಾಗಾನೂ ಬರುತ್ತೆ. ಭುವನೇಶ್ವರಿ ಅಂದ್ರೂ ಹಾಗೇ, ಒಳಚಾವಣಿ ಮತ್ತೆ ಅದರ ಕೆತ್ತನೆ ಎರಡೂ ಸೇರಿ ಒಂದೇ ಪದ.

ಹೀಗೆ ಯೋಚಿಸ್ತಾ ಇದ್ದಾಗ ಸಾಗರ, ಸೊರಬದ ಕಡೆ ದೀವರು ಅನ್ನೋ ಸಮುದಾಯದವರ ಮನೆಗಳ ಹಸೆಗೋಡೆ ನೆನಪಾಯ್ತು. ಮದುವೇಲಿ ಹಸೆ ಮೇಲೆ ಕೂತ ಹೆಣ್ಣು ಗಂಡಿನ ಬೆನ್ನ ಹಿಂದಿನ ಗೋಡೆ. ಕೆಮ್ಮಣ್ಣು ಬಳಿದು, ಅದು ಒಣಗಿದ್ಮೇಲೆ ಅಕ್ಕಿ ಅರೆದ ಬಿಳುಪಲ್ಲಿ ಪುಂಡಿನಾರಿನ ಕುಂಚ ಅದ್ದಿ, ಚಿತ್ತಾರಗಿತ್ತಿಯರು ಎಳೆ ಪಕ್ಕ ಎಳೆ ಕೂರಿಸ್ತಾ ಬರೀತಾರೆ, ಕೂದಲಿನಷ್ಟು ಸಣ್ಣ ಎಳೆ, ಒಂದಕ್ಕೊಂದು ತಾಗಲ್ಲ. ಅಲ್ಲಿ ಗೋಡೆಗೇ ಹೆಸರಿದೆ, ಯಾಕಿದೆ ಅನ್ನೋದೂ ಆ ಹೆಸರಲ್ಲೇ ಇದೆ. ನನಗೆ ಬೇಕಾಗಿದ್ದು ಇಂಥ ಪದಾನೇ.

ಆದ್ರೂ ಅನುಮಾನ ಹೋಗಿಲ್ಲ. ಹಸೆ ಅಂದ್ರೆ ಮದುವೆ, ಹಸೆಮಣೆ. ಭವನದಲ್ಲಿ ಮದುವೆಗಳೂ ನಡೆಯುತ್ತವೆ ಅಂತ ಇಲ್ಲಿ ಒಪ್ಪಬಹುದೇನೋ, ನಾಳೆ ಲೈಬ್ರರಿಗೋ ಬಸ್‌ಸ್ಟ್ಯಾಂಡಿಗೋ ಇದೇ ಪದ ಹಾಕಿದ್ರೆ ಓದೋರು ಏನಂದ್ಕೋತಾರೆ? ಒಂದು ಸಮುದಾಯದ ಹೆಣ್ಮಕ್ಕಳು ಮನೆಯೊಳಗೆ ಉಳಿಸ್ಕೊಂಡು ಬಂದ ಪದಾನ ಕರಗದ ಚಿತ್ರದ ಗೋಡೆಗೆ ಎತ್ಕೊಂಡು ಬರೋದು ಸರೀನಾ ಅನ್ನೋದೂ ಇದೆ. ‘ಚಿತ್ತಾರಗೋಡೆ’ ಅನ್ನೋದು ಇನ್ನೊಂದು ದಾರಿ, ಆದ್ರೆ ಅದರಲ್ಲಿ ಕಟ್ಟೋವಾಗ್ಲೇ ಬಿಟ್ಟ ಜಾಗ ಅನ್ನೋ ಅರ್ಥ ಬರಲ್ಲ.

ಮಲೆನಾಡಿನ ಕಡೆಯವರು ದಯವಿಟ್ಟು ಹೇಳಿ, ನಿಮ್ಮನೇಲಿ ಮದುವೆ ಮುಗಿದ್ಮೇಲೂ ಆ ಗೋಡೇನ ಹಸೆಗೋಡೆ ಅಂತಲೇ ಕರೀತಾರಾ?